ಊರು ಹೋಗು ಎನ್ನಬೇಕೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ವಯಸ್ಸಾದವರನ್ನು ಕುರಿತು ನಮ್ಮಲ್ಲಿ ಒಂದು ಗಾದೆಯುಂಟು: "ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ." ಕಾಡು ಎಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಚಿಕ್ಕಂದಿನಿಂದ ಈ ಮಾತನ್ನು ಕೇಳುತ್ತ ಬಂದ ನನಗೆ ಅದರ ಮೊದಲರ್ಧ ಅರ್ಥವಾದದ್ದು ಈ ವರ್ಷ, ಬೆಂಗಳೂರಿನ ಒಂದು ರಸ್ತೆಯ ಅಂಚಿನಲ್ಲಿ ನಮ್ಮ ತಾತನವರ ಮಗ್ಗುಲಲ್ಲಿ ನಿಂತಿದ್ದಾಗ. ಊರು ಹೋಗು ಎನ್ನುವುದು ಜನರ ಬಾಯಿಂದ ಎಂದೇ ನಾನು ತಿಳಿದಿದ್ದೆ. ಆದರೆ ನಮ್ಮ ಜನ ಅಷ್ಟು ಕಠಿನರಲ್ಲ. ಹಿರಿಯರನ್ನು ಕಂಡರೆ ಕೈಮುಗಿಯುವವರೇ ಹೆಚ್ಚು. ಆ ಮಾತನ್ನು ಬಸ್ಸಿನ ಮೆಟ್ಟಿಲು ಹೇಳುತ್ತದೆ, ಫುಟ್‌ಪಾತಿನ ಎದ್ದ ಚಪ್ಪಡಿ ಹೇಳುತ್ತದೆ, ದಾಟಿ ಮುಗಿಯುವ ಮೊದಲೇ ಬಣ್ಣ ಬದಲಾಯಿಸುವ ದೀಪ ಹೇಳುತ್ತದೆ. ಅದನ್ನು ಕುರಿತು ನನ್ನ ಸಹಪಾಠಿಗಳ ಮತ್ತು ಗುರುಗಳ ಮುಂದೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ನಮ್ಮ ತಾತನವರಿಗೆ ಈಗ 78 ವರ್ಷ. ಮೇಷ್ಟರಾಗಿದ್ದು ನಿವೃತ್ತರಾದವರು. ನಮ್ಮ ಮನೆ ಶ್ರೀನಗರದಲ್ಲಿ. ಕಳೆದ ಆಷಾಢದವರೆಗೆ ಅವರದೊಂದು ನಿತ್ಯವಿಧಿಯಿತ್ತು. ಆಫೀಸಿನವರ, ಕಾಲೇಜಿನವರ ನೂಕುನುಗ್ಗಲು ಕಳೆದ ಮೇಲೆ, ಹತ್ತೂವರೆಯ ಹೊತ್ತಿಗೆ, ಕೈಚೀಲವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು, ಕೊಡೆ ಹಿಡಿದು ಹೊರಡುವರು. ಬಸ್ಸಿನಲ್ಲಿ ಗಾಂಧಿಬಜಾರಿಗೆ ಹೋಗಿ, 100 ಗ್ರಾಂ ಕಾಫಿಪುಡಿ, ಅಜ್ಜಿಯ ಪೂಜೆಗೆ ಬಿಡಿ ಹೂ, ಒಂದು ಕಟ್ಟು ವೀಳ್ಯದೆಲೆ ಕೊಂಡು, ಕೃಷ್ಣರಾವ್ ಪಾರ್ಕಿನಲ್ಲಿ ತಮ್ಮ ವಯಸ್ಸಿನ ಮೂರು ನಾಲ್ಕು ಜನರೊಡನೆ ಮುಕ್ಕಾಲು ಗಂಟೆ ಕುಳಿತು, ಒಂದೂವರೆಗೆ ಊಟಕ್ಕೆ ಮನೆ ಸೇರುವರು. 100 ಗ್ರಾಂ ಪುಡಿ ನಮ್ಮ ಮನೆಗೆ ಎರಡು ದಿನಕ್ಕೂ ಸಾಲದು. "ಒಂದೇ ಸಲ ಅರ್ಧ ಕೆಜಿ ತರಬಾರದೆ ತಾತ? ದಿನಾ ಯಾಕೆ ಅಲೀತೀರಿ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. "ಪುಡಿ ಹಳೇದಾದರೆ ಘಮ ಹೋಗುತ್ತಪ್ಪ" ಎನ್ನುತ್ತಿದ್ದರು.

ಆಷಾಢದಲ್ಲಿ ಒಂದು ದಿನ ಅವರು ಬಸ್ಸು ಹತ್ತುತ್ತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇರುವಾಗಲೇ ಬಸ್ಸು ಹೊರಟುಬಿಟ್ಟಿತು. ಒಳಗಿದ್ದ ಯಾರೋ ಪುಣ್ಯಾತ್ಮರು ತೋಳು ಹಿಡಿದು ಎಳೆದುಕೊಂಡರು. ಮೊಣಕಾಲು ತರಚಿತು, ಕೊಡೆ ರಸ್ತೆಯ ಪಾಲಾಯಿತು. ಅಷ್ಟರಲ್ಲೇ ಮುಗಿಯಿತೆಂದು ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆ ಸಂಜೆ ಮನೆಯವರೆಲ್ಲ ಕೂಡಿ ತೀರ್ಮಾನಿಸಿದೆವು: ಇನ್ನು ತಾತ ಒಬ್ಬರೇ ಹೊರಗೆ ಹೋಗಕೂಡದು. ಈ ತೀರ್ಮಾನದಲ್ಲಿ ನನ್ನ ದನಿಯೇ ಎಲ್ಲರಿಗಿಂತ ದೊಡ್ಡದಾಗಿತ್ತು. "ಏನು ಬೇಕೋ ಹೇಳಿ ತಾತ, ಕಾಲೇಜಿನಿಂದ ಬರೋವಾಗ ನಾನು ತಂದುಕೊಡ್ತೀನಿ" ಎಂದು ಮಾತುಕೊಟ್ಟೆ. ಮೂರು ದಿನ ತಂದೆ. ನಾಲ್ಕನೆಯ ದಿನ ಮರೆತೆ. ಆಮೇಲೆ ಅರ್ಧ ಕೆಜಿ ಪೊಟ್ಟಣ ಮನೆಬಾಗಿಲಿಗೇ ಬರುವ ಏರ್ಪಾಡಾಯಿತು. ಎಲ್ಲರಿಗೂ ನೆಮ್ಮದಿಯಾಯಿತು.

ತಾತ ಏನೂ ಹೇಳಲಿಲ್ಲ. ಅವರು ಏನೂ ಹೇಳುತ್ತಿಲ್ಲ ಎಂಬುದನ್ನು ನಾವು ಗಮನಿಸಿದ್ದು ದೀಪಾವಳಿಯ ಹೊತ್ತಿಗೆ. ಊಟದ ಹೊತ್ತಿನಲ್ಲಿ ಅವರು ತರುತ್ತಿದ್ದ ಸುದ್ದಿ, ಅಂದರೆ ಸೊಗಡಿನ ಅವರೆ ಬಂತೆ ಇಲ್ಲವೆ, ಯಾರ ಮೊಮ್ಮಗಳಿಗೆ ಮದುವೆ ಗೊತ್ತಾಯಿತು, ಪಾರ್ಕಿಗೆ ಇಂದು ಯಾರು ಬರಲಿಲ್ಲ, ಇವೆಲ್ಲ ನಿಂತುಹೋಗಿದ್ದುವು. ಹತ್ತೂವರೆಯಾದರೆ ಎದ್ದು ಬಾಗಿಲವರೆಗೆ ಹೋಗಿ, ಬೀದಿಯನ್ನು ನೋಡಿ, ಮತ್ತೆ ಬಂದು ಕುರ್ಚಿಯಲ್ಲಿ ಕೂಡುವರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಎಂದೂ ತಪ್ಪಿಸದವರು ಈ ಸಲ ಹೋಗಲಿಲ್ಲ. ಹೋಗಬೇಕೆಂದು ಕೇಳಲೂ ಇಲ್ಲ. ನಡೆಯದ ಕಾಲು ಬಿಗಿದುಕೊಂಡಿತು. ಕುರ್ಚಿಯಿಂದ ಏಳುವಾಗ ಮೇಜು ಹಿಡಿಯತೊಡಗಿದರು. ತೋರಿಸಿದಾಗ ವೈದ್ಯರು ಹೇಳಿದ್ದು ಒಂದೇ ಮಾತು: "ಇವರನ್ನು ನಡೆಸಿ." ಬೀಳಬಾರದೆಂದು ಕೂರಿಸಿದ ನಾವೇ ಅವರನ್ನು ಬೀಳುವುದಕ್ಕೆ ಇನ್ನಷ್ಟು ಹತ್ತಿರ ತಂದಿದ್ದೆವು.

ಕಾಫಿಪುಡಿ ಒಂದು ನೆಪವಾಗಿತ್ತೆಂಬುದು ಆಗ ನನಗೆ ಹೊಳೆಯಿತು. ಪುಡಿಯನ್ನು ಯಾರು ಬೇಕಾದರೂ ತಂದುಕೊಡಬಹುದು. ಪುಡಿ ತರಲು ಹೋದವರಿಗೆ ದಾರಿಯಲ್ಲಿ ಸಿಗುವುದನ್ನು ಯಾರೂ ತಂದುಕೊಡಲಾಗದು. ಮುದುಕರು ಊರಿನಲ್ಲಿ ತಿರುಗುವುದು ಕೆಲಸವಿಲ್ಲದ ಅಲೆದಾಟವೆಂದು ತಿಳಿದಿದ್ದ ನಾನು ಆ ದಿನ ನಾಚಿದೆ.

ಮಾರ್ಗಶಿರದ ಎಳೆಬಿಸಿಲಿನಲ್ಲಿ ಒಂದು ಶನಿವಾರ ತಾತನವರನ್ನು ಹೊರಡಿಸಿದೆ. ನನ್ನ ಹೆಜ್ಜೆಯನ್ನು ಅವರ ಹೆಜ್ಜೆಗೆ ಹೊಂದಿಸಿ ನಡೆದೆ. ನಾನು 8 ನಿಮಿಷದಲ್ಲಿ ತಲುಪುವ ಬಸ್ ನಿಲ್ದಾಣಕ್ಕೆ 19 ನಿಮಿಷ ಹಿಡಿಯಿತು. ದಾರಿಯಲ್ಲಿ ನಾಲ್ಕು ಕಡೆ ನಿಂತೆವು. ಮೊದಲನೆಯದು ಔಷಧದ ಅಂಗಡಿಯ ಜಗಲಿ. ಎರಡನೆಯದು ಒಂದು ಮನೆಯ ಮೋಟು ಕಾಂಪೌಂಡು ಗೋಡೆ. "ಇದು ನನ್ನ ಎರಡನೇ ಸ್ಟೇಜು" ಎಂದು ತಾತ ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದನ್ನು ಕಂಡೆ. ಮೂರನೆಯ ಸ್ಟೇಜಿನಲ್ಲಿ ಒಂದು ಕಲ್ಲುಬೆಂಚು ಇತ್ತಂತೆ. ಈಗ ಅದನ್ನು ಕಿತ್ತು ಅಲ್ಲಿ ಸ್ಕೂಟರುಗಳನ್ನು ನಿಲ್ಲಿಸಿದ್ದಾರೆ. ತಾತ ಮರವನ್ನು ಹಿಡಿದು ನಿಂತರು. "ಬೆಂಚು ಹೋದಮೇಲೆ ಸ್ವಲ್ಪ ಕಷ್ಟವಾಯ್ತು ನೋಡು" ಎಂದರು. ನಾನು ದಿನವೂ ಓಡಾಡುವ ದಾರಿ ಅದು. ಅಲ್ಲಿ ಒಂದು ಬೆಂಚು ಇದ್ದುದಾಗಲಿ ಹೋದುದಾಗಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಲ್ದಾಣದಲ್ಲಿ ಎರಡು ಬಸ್ಸುಗಳನ್ನು ಅವರು ಬಿಟ್ಟರು. ಮೊದಲನೆಯದು ನಿಲ್ದಾಣದ ಅಂಚಿಗೆ ಬಾರದೆ ರಸ್ತೆಯ ನಡುವೆಯೇ ನಿಂತಿತು. ನಡುವೆ ಬೈಕುಗಳು ನುಗ್ಗುತ್ತಿದ್ದುವು. ಎರಡನೆಯದರ ಹಣೆಯ ಮೇಲೆ ಊರಿನ ಹೆಸರು ದೀಪದ ಅಕ್ಷರಗಳಲ್ಲಿ ಓಡುತ್ತಿತ್ತು. ಅದನ್ನು ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಓಡಿತು. ಎಲ್ಲಿ ಇಳಿದರೆ ಫುಟ್‌ಪಾತು ಸರಿಯಾಗಿದೆ, ಯಾವ ಹೋಟೆಲಿನವರು ಶೌಚಕ್ಕೆ ಕೇಳಿದರೆ ಬೇಡವೆನ್ನುವುದಿಲ್ಲ, ಯಾವ ಅಂಗಡಿಯ ಮುಂದೆ ಕುರ್ಚಿ ಇರುತ್ತದೆ, ಇವೆಲ್ಲ ಅವರ ತಲೆಯಲ್ಲಿ ನಕ್ಷೆ ಬರೆದಂತಿದ್ದುವು. ಭೂಗೋಳದ ತರಗತಿಯಲ್ಲಿ ನಾವು ನೋಡುವ ನಕ್ಷೆಗಳಲ್ಲಿ ಇಂಥ ಗುರುತುಗಳಿರುವುದಿಲ್ಲ.

ನಗರದ ಸಂಚಾರ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೆಳಗ್ಗೆ ಒಂಬತ್ತರ ಮತ್ತು ಸಂಜೆ ಆರರ ನೂಕುನುಗ್ಗಲು. ದುಡಿಯುವವರು ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯನ್ನೇ ಸಂಚಾರವೆಂದು ಎಣಿಸುತ್ತೇವೆ. ಹಿರಿಯರ ಪ್ರಯಾಣ ಬೇರೆ ಬಗೆಯದು. ಅದು ಹತ್ತಿರದ್ದು, ನಡುಹಗಲಿನದು, ಅರ್ಧ ಕಾಲ್ನಡಿಗೆ ಅರ್ಧ ಬಸ್ಸಿನದು. ಹೂ ಪೋಣಿಸಿದಂತೆ ಒಂದೇ ದಾರದಲ್ಲಿ ಬ್ಯಾಂಕು, ರಕ್ತದೊತ್ತಡದ ಮಾತ್ರೆ, ದೇವಸ್ಥಾನ, ತರಕಾರಿ, ಮದುವೆಯ ಮನೆಯ ಮುಯ್ಯಿ ಎಲ್ಲವನ್ನೂ ಪೋಣಿಸಿಕೊಂಡು ಬರುತ್ತಾರೆ. ಕಣ್ಣಿಗೆ ಪೊರೆ ಬಂದವರಿಗೆ ಎದುರು ಬರುವ ವಾಹನದ ದೀಪ ಕುಕ್ಕುವುದರಿಂದ ಕತ್ತಲಾಗುವ ಮೊದಲೇ ಮನೆ ಸೇರಬೇಕು. ಕಿವಿ ಮಂದವಾದವರಿಗೆ ಈಗಿನ ವಿದ್ಯುತ್ ಸ್ಕೂಟರು ಹಿಂದಿನಿಂದ ಬಂದದ್ದೇ ತಿಳಿಯದು. ಪಿಂಚಣಿದಾರರು ನವೆಂಬರು ತಿಂಗಳಲ್ಲಿ ತಾವು ಬದುಕಿರುವ ಬಗ್ಗೆ ಪ್ರಮಾಣಪತ್ರ ಕೊಡಬೇಕು. 2014ರಿಂದ ಇದನ್ನು ಬೆರಳಚ್ಚಿನ ಯಂತ್ರದ ಮೂಲಕವೂ ಕೊಡುವ ಅನುಕೂಲ ಬಂದಿದೆಯಾದರೂ, ನಮ್ಮ ತಾತನವರಂತೆ ಬ್ಯಾಂಕಿಗೇ ಹೋಗುವವರು ಬಹಳ. ಬದುಕಿದ್ದೇನೆಂದು ತೋರಿಸುವುದಕ್ಕೂ ಬಸ್ಸು ಹತ್ತಬೇಕು. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಇದನ್ನು ಕೆಲವರ ತೊಂದರೆಯೆಂದು ತಳ್ಳಿಹಾಕಲಾಗದು.

ಈ ತೊಂದರೆಯನ್ನು ಅಳೆದು ನೋಡಬಹುದು. ರಸ್ತೆ ದಾಟುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆಂದು ಇಟ್ಟುಕೊಂಡು ಹಸಿರು ದೀಪದ ಅವಧಿಯನ್ನು ಲೆಕ್ಕಹಾಕುವುದು ರೂಢಿ. ಈ ಲೆಕ್ಕದಲ್ಲಿ 20 ಮೀಟರ್ ಅಗಲದ ರಸ್ತೆಯನ್ನು ದಾಟಲು 17 ಸೆಕೆಂಡು ಸಾಕು. ನಮ್ಮ ಬೀದಿಯಲ್ಲಿ 20 ಮೀಟರ್ ಅಳೆದು ತಾತನವರನ್ನು ನಡೆಸಿ ಗಡಿಯಾರ ನೋಡಿದೆ: 25 ಸೆಕೆಂಡು. ದೀಪ ಬಣ್ಣ ಬದಲಾಯಿಸಿದಾಗ ಅವರು ರಸ್ತೆಯ ಮೂರನೆಯ ಎರಡು ಭಾಗದಲ್ಲಿ ನಿಂತಿರುತ್ತಾರೆ. ಆ 8 ಸೆಕೆಂಡನ್ನು ಊರು ಅವರಿಗೆ ಕೊಡುವುದಿಲ್ಲ. ಸಿಂಗಪುರದಲ್ಲಿ 2009ರಿಂದ ಒಂದು ಏರ್ಪಾಡು ಇದೆ: ಹಿರಿಯರು ತಮ್ಮ ಕಾರ್ಡನ್ನು ದೀಪದ ಕಂಬಕ್ಕೆ ತಾಕಿಸಿದರೆ, ರಸ್ತೆಯ ಅಗಲಕ್ಕೆ ತಕ್ಕಂತೆ ಹಸಿರು ದೀಪ 3ರಿಂದ 13 ಸೆಕೆಂಡು ಹೆಚ್ಚು ಉರಿಯುತ್ತದೆ. ನಮ್ಮಲ್ಲಾದರೋ ಅಗಲವಾದ ರಸ್ತೆಗಳಿಗೆ ಕಂಡುಕೊಂಡ ಪರಿಹಾರ ಮೇಲೆ ಹತ್ತಿ ಇಳಿಯುವ ಸ್ಕೈವಾಕು. ಲಿಫ್ಟು ನಡೆಯುವ ದಿನ ಅದು ಉಪಕಾರಿಯೇ. ಅದು ಕೆಟ್ಟ ದಿನ ಮೊಣಕಾಲು ನೋವಿನವರು ಕೆಳಗೇ, ವಾಹನಗಳ ನಡುವೆಯೇ ದಾಟುತ್ತಾರೆ. ನೋಡಿದವರು "ಈ ಮುದುಕರಿಗೆ ಬುದ್ಧಿಯಿಲ್ಲ" ಎನ್ನುತ್ತಾರೆ.

ಮೆಟ್ಟಿಲಿನ ಮಾತೂ ಹೀಗೆಯೇ. ಹಳೆಯ ಮಾದರಿಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು 90 ಸೆಂಟಿಮೀಟರ್ ಎತ್ತರ. ತಗ್ಗು ನೆಲದ ಬಸ್ಸಿನದು ಸುಮಾರು 40. ಇವೆರಡರ ನಡುವಣ ಅಂತರ ಇಪ್ಪತ್ತು ವರ್ಷದ ನಮಗೆ ಏನೂ ಅಲ್ಲ. ಅಜ್ಜಿಯಂಥವರಿಗೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆ ಅಲ್ಲಿಯೇ ತೀರ್ಮಾನವಾಗುತ್ತದೆ. ಫುಟ್‌ಪಾತು ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರವಿರಬಾರದು, ನಡೆಯಲು 1.8 ಮೀಟರ್ ಅಗಲ ತೆರವಾಗಿರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಸಹಪಾಠಿಗಳು ಒಂದು ಟೇಪು ಹಿಡಿದು ತಮ್ಮ ಬಡಾವಣೆಯಲ್ಲಿ ಅಳೆದು ನೋಡಬೇಕು. ಮನೆಮನೆಯ ಗೇಟಿನ ಮುಂದೆ ಇಳಿಜಾರು, ಅದು ಮುಗಿದೊಡನೆ ಮತ್ತೆ ಎತ್ತರ. ಹೀಗೆ ಹತ್ತಿ ಇಳಿದು ಬೇಸತ್ತ ಹಿರಿಯರು ಕೊನೆಗೆ ರಸ್ತೆಗೇ ಇಳಿಯುತ್ತಾರೆ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ 60 ದಾಟಿದವರಿಗೆ ಟಿಕೆಟ್ಟಿನಲ್ಲಿ ನೂರಕ್ಕೆ 25ರ ರಿಯಾಯಿತಿಯುಂಟು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ನಮ್ಮ ಅಜ್ಜಿ ಅಂದಿನಿಂದ ಜಯನಗರದ ತಂಗಿಯ ಮನೆಗೆ ಹೋಗಿಬರಲು ಯಾರನ್ನೂ ಹಣ ಕೇಳಬೇಕಾಗಿಲ್ಲ. ಆ ಸಂತೋಷ ಸಣ್ಣದಲ್ಲ. ಆದರೆ ಹೊರಡುವ ದಿನ ಬೆಳಗಿನಿಂದ ಅಜ್ಜಿ ನೀರು ಕುಡಿಯುವುದಿಲ್ಲ. ಏಕೆಂದು ಕೇಳಿದಾಗ, "ದಾರೀಲಿ ಎಲ್ಲಿ ಹೋಗಲಪ್ಪ?" ಎಂದರು. 2011ರಲ್ಲಿ ಓಡತೊಡಗಿದ ನಮ್ಮ ಮೆಟ್ರೋದಲ್ಲಿ ಲಿಫ್ಟು ಉಂಟು, ನಿಲ್ದಾಣದ ಕಟ್ಟೆ ರೈಲಿನ ನೆಲಕ್ಕೆ ಸಮನಾಗಿದೆ; 2017ರಿಂದ ನ್ಯಾಷನಲ್ ಕಾಲೇಜಿನ ಬಳಿಯೂ ನಿಲ್ದಾಣವಾಗಿದೆ. ಒಳಗೆ ಹೋದ ಮೇಲೆ ಸುಖವೇ. ಮನೆಯಿಂದ ಆ ನಿಲ್ದಾಣದವರೆಗಿನ ದಾರಿ ಮಾತ್ರ ಮೊದಲಿನಂತೆಯೇ ಇದೆ. ದರ ಇಳಿಯಿತು, ಮೆಟ್ಟಿಲು ಇಳಿಯಲಿಲ್ಲ ಎಂಬುದೇ ನನ್ನ ದೂರು.

ಈ ಮಾತಿಗೆ ಆಕ್ಷೇಪಗಳು ಬರದೆ ಇರವು. ಬಸ್ಸಿನವರು ಒಬ್ಬೊಬ್ಬರಿಗೂ ಕಾಯುತ್ತ ಕುಳಿತರೆ ಟ್ರಿಪ್ಪು ಮುಗಿಯುವುದೆಂದು ಎನ್ನುವರು ಕೆಲವರು. ಇದು ನ್ಯಾಯವಾದ ಮಾತು. ವಾಹನದಟ್ಟಣೆಯಲ್ಲಿ ಸಿಕ್ಕಿ, ಹೊತ್ತಿಗೆ ಸರಿಯಾಗಿ ತಲುಪಲಾರದೆ, ಇಬ್ಬದಿಯಿಂದ ಮಾತು ಕೇಳುವ ಡ್ರೈವರು ಕಂಡಕ್ಟರುಗಳನ್ನು ದೂರಿ ಫಲವಿಲ್ಲ. ಅವರಿಗೂ ಮನೆಯಲ್ಲಿ ತಂದೆತಾಯಿಗಳಿದ್ದಾರೆ. ನಡುಹಗಲಿನ ಟ್ರಿಪ್ಪುಗಳಿಗೆ ಐದು ನಿಮಿಷ ಹೆಚ್ಚಿಗೆ ಗೊತ್ತುಮಾಡಿದರೆ ಅವರ ಮೇಲಿನ ಒತ್ತಡವೂ ಕಡಮೆಯಾದೀತು. ವಯಸ್ಸಾದ ಮೇಲೆ ರಾಮಾ ಕೃಷ್ಣಾ ಎಂದು ಮನೆಯಲ್ಲಿರುವುದು ನಮ್ಮ ಸಂಪ್ರದಾಯವಲ್ಲವೇ ಎನ್ನುವರು ಮತ್ತೆ ಕೆಲವರು. ನಮ್ಮ ಸಂಪ್ರದಾಯ ಅಷ್ಟು ಕುರುಡಾಗಿರಲಿಲ್ಲ. ಅರಳಿಕಟ್ಟೆಯನ್ನು ಕಟ್ಟಿದವರು, ದಾರಿಯಲ್ಲಿ ಸಾಲುಮರ ನೆಟ್ಟವರು, ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟವರು, ತಲೆಹೊರೆ ಇಳಿಸಲು ಕಲ್ಲು ನಿಲ್ಲಿಸಿದವರು ನಡೆಯುವವರಿಗೆ ದಣಿವಾಗುತ್ತದೆಂಬುದನ್ನು ತಿಳಿದಿದ್ದರು. ಅದನ್ನು ಪುಣ್ಯವೆಂದು ಎಣಿಸಿದ್ದರು. ಆ ಕಾಲದ ಊರುಗಳಲ್ಲಿ ಬೇರೆ ಅನ್ಯಾಯಗಳು ಬೇಕಾದಷ್ಟಿದ್ದುವು. ಎಲ್ಲರೂ ಎಲ್ಲ ಕಟ್ಟೆಗಳ ಮೇಲೂ ಕೂಡುವಂತಿರಲಿಲ್ಲ. ಎಲ್ಲರೂ ಕೂಡಬಹುದಾದ ಕಟ್ಟೆಯನ್ನು ಕಟ್ಟುವ ಅಧಿಕಾರ ನಮಗೆ ಈಗ ಬಂದಿದೆ. ಬಂದಮೇಲೆ ನಾವು ಬೆಂಚನ್ನು ಕಿತ್ತು ಸ್ಕೂಟರು ನಿಲ್ಲಿಸಿದ್ದೇವೆ.

ಇಷ್ಟೆಲ್ಲ ಖರ್ಚು ಮುದುಕರಿಗಾಗಿಯೇ ಎಂಬ ಆಕ್ಷೇಪವೂ ಉಂಟು. ತಗ್ಗಿನ ಮೆಟ್ಟಿಲು ಬಸುರಿಗೂ ಬೇಕು, ಕಂಕುಳಲ್ಲಿ ಕೂಸಿರುವ ತಾಯಿಗೂ ಬೇಕು, ಮಾರುಕಟ್ಟೆಯಿಂದ ತರಕಾರಿ ಮೂಟೆ ತರುವವಳಿಗೂ ಬೇಕು. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯಂತೆ ಬಸ್ಸು, ರೈಲು ನಿಲ್ದಾಣಗಳು ಅಂಗವಿಕಲರು ಬಳಸಲು ತಕ್ಕವಾಗಿರಬೇಕು. ಈ ಮಾತನ್ನು ನಡೆಸಿದರೆ ಹಿರಿಯರ ಕಷ್ಟದಲ್ಲಿ ಅರ್ಧ ತಾನಾಗಿಯೇ ತೀರುತ್ತದೆ.

ಪಾಲಿಕೆಯನ್ನೂ ಸಾರಿಗೆಯನ್ನೂ ಕೇಳುವುದು ಇಷ್ಟಾಯಿತು. ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದೂ ಉಂಟು. ನಮ್ಮ ಕಾಲೇಜಿನ ಗೇಟಿನ ಪಕ್ಕದ ಫುಟ್‌ಪಾತಿನ ಮೇಲೆ ಬೈಕುಗಳನ್ನು ನಿಲ್ಲಿಸುವವರು ಯಾರು? ಸಿಗ್ನಲ್ಲಿನಲ್ಲಿ ಅದೇ ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸಿ ಮುಂದೆ ಹೋಗುವವರಲ್ಲಿ ನಮ್ಮವರೆಷ್ಟು ಮಂದಿ? ಹಿರಿಯರಿಗೆಂದು ಬರೆದಿರುವ ಸೀಟಿನಲ್ಲಿ ಕುಳಿತು ಫೋನಿನಲ್ಲಿ ತಲೆಯಿಟ್ಟವರನ್ನು ಕಂಡಿಲ್ಲವೇ? ಕಂಡವನೂ ನಾನೇ, ಕುಳಿತವನೂ ನಾನೇ. ಯಾರಾದರೂ ಹಿರಿಯರು ಹತ್ತುವಾಗ ಬಾಗಿಲ ಬಳಿ ಇರುವವರು "ಹೋಲ್ಡಾನ್!" ಎಂದು ಒಂದು ಕೂಗು ಹಾಕಿದರೆ ಬಸ್ಸು ನಿಲ್ಲುತ್ತದೆ; ಅದಕ್ಕೆ ಯಾವ ಕಾಯಿದೆಯೂ ಬೇಡ. ಬಂದ ಬಸ್ಸಿನ ಬೋರ್ಡನ್ನು ಓದಿ ಹೇಳಲು ಅರೆನಿಮಿಷ ಸಾಕು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರಿಗೆ ಒಂದು ಸಲಹೆ: ಈ ಸಲದ ಶಿಬಿರದಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಜೊತೆ, ಅವರ ಹೆಜ್ಜೆಯಲ್ಲೇ, ಅವರ ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆಯೋಣ. ಎಲ್ಲಿ ಎಡವಿದರು, ಎಲ್ಲಿ ಕೂಡಲು ಬಯಸಿದರು, ದಾಟಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಬರೆದು ಪಾಲಿಕೆಗೆ ಕೊಡೋಣ. ಕೈಹಿಡಿದು ದಾಟಿಸುವುದು ಒಳ್ಳೆಯದು. ಕೈಹಿಡಿಯದೆಯೇ ದಾಟಬಲ್ಲ ರಸ್ತೆ ಅದಕ್ಕಿಂತ ಒಳ್ಳೆಯದು. ಹಿರಿಯರಿಗೆ ನಮ್ಮ ಕರುಣೆಯ ಭಾರವೂ ಇರುವುದಿಲ್ಲ.

ಈಗ ತಾತ ವಾರಕ್ಕೆರಡು ದಿನ ಒಬ್ಬರೇ ಹೋಗಿಬರುತ್ತಾರೆ. ಶನಿವಾರ ನಾನು ಜೊತೆಗಿರುತ್ತೇನೆ. ಜೇಬಿನಲ್ಲಿ ನಮ್ಮ ಫೋನ್ ನಂಬರಿನ ಚೀಟಿ ಇರುತ್ತದೆ. ಅವರು ಒಂದೂವರೆಗೆ ಬಾರದಿದ್ದರೆ ಅಜ್ಜಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹೆದರಿಕೆ ನಮಗೆ ಹೋಗಿಲ್ಲ, ಹೋಗುವಂತೆಯೂ ಇಲ್ಲ. ಆದರೆ ಊಟದ ಹೊತ್ತಿಗೆ ಸುದ್ದಿ ಬರುತ್ತದೆ.

ಹೋದ ಶನಿವಾರ ಕೃಷ್ಣರಾವ್ ಪಾರ್ಕಿನ ಅವರ ಬೆಂಚಿನಲ್ಲಿ ಇಬ್ಬರೇ ಇದ್ದರು. ಮೂರನೆಯವರು ಒಂದು ತಿಂಗಳಿಂದ ಬಂದಿಲ್ಲವಂತೆ. ಅವರ ಮನೆ ಎಲ್ಲೆಂದು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಪಾರ್ಕಿನ ಗೆಳೆತನ ಪಾರ್ಕಿನದು. ಅವರಿಗೆ ಕಾಡು ಬಾ ಎಂದಿತೋ, ಮನೆಯವರು ನಮ್ಮಂತೆ ಪ್ರೀತಿಯಿಂದಲೇ ಬಾಗಿಲು ಹಾಕಿದರೋ, ಒಂದು ಮೆಟ್ಟಿಲು ಹೋಗು ಎಂದಿತೋ ತಿಳಿಯದು. ಬರುವ ಶನಿವಾರ ವಿಚಾರಿಸೋಣ ಎಂದು ತಾತ ಹೇಳಿದ್ದಾರೆ. ಓದುಗರ ಬೀದಿಯಲ್ಲಿಯೂ ಹೀಗೆ ಇದ್ದಕ್ಕಿದ್ದಂತೆ ಕಾಣದಾದ ಹಿರಿಯರು ಒಬ್ಬಿಬ್ಬರಿದ್ದಾರು. ಅವರ ಮನೆಯ ಬಾಗಿಲು ತಟ್ಟಿ ಕೇಳಬೇಕೆಂದು ನನ್ನ ಪ್ರಾರ್ಥನೆ.